ನಾಳೆ ಹೊರಡುವವರ ಊರು

ದೋಣಿಯಲ್ಲೇ ಸಂಸಾರ ಹೂಡಿದವರ ಮನೆಗೆ ಹೋಗುವಾಗ ರಟ್ಟಿನ ಪೆಟ್ಟಿಗೆ ಒಯ್ಯಬಾರದು. ಬಾಳೆಹಣ್ಣೂ ಬೇಡ ಅನ್ನುತ್ತಾರೆ, ಆದರೆ ಅದು ಪಾಶ್ಚಾತ್ಯ ನಾವಿಕರ ಹಳೆಯ ಅಪಶಕುನದ ಮಾತು. ರಟ್ಟಿನ ವಿಷಯ ಹಾಗಲ್ಲ. ಅದರ ಪದರಗಳ ಸಂದಿಯಲ್ಲಿ ಜಿರಲೆ ಮೊಟ್ಟೆ ಇಟ್ಟಿರುತ್ತದೆ. ಒಮ್ಮೆ ಅದು ದೋಣಿ ಹೊಕ್ಕಿತೋ, ಆಮೇಲೆ ಯಾರು ಯಾರನ್ನು ಹೊರಹಾಕುತ್ತಾರೆ ಎಂದು ಹೇಳುವಂತಿಲ್ಲ. ಹಾಗಾಗಿ ಬೆಂಗಳೂರಿನಿಂದ ನಾನು ಹೊತ್ತು ತಂದ ಮೈಸೂರುಪಾಕಿಗೆ ವಿಚಿತ್ರ ಸ್ವಾಗತ ಸಿಕ್ಕಿತು. ಗೆಳೆಯನ ಹೆಂಡತಿ ತೇಲುಕಟ್ಟೆಯ ಮೇಲೇ ನನ್ನನ್ನು ತಡೆದು, ಪೆಟ್ಟಿಗೆ ಬಿಚ್ಚಿ, ಪಾಕನ್ನು ಸ್ಟೀಲ್ ಡಬ್ಬಿಗೆ ಜೋಡಿಸಿ, ರಟ್ಟನ್ನು ದಡದ ಕಸದ ತೊಟ್ಟಿಗೆ ಹಾಕಿ ಬಂದರು. ಆಮೇಲೆ, "ಚಪ್ಪಲಿ ಅಲ್ಲೇ ಬಿಡಿ, ಬನ್ನಿ ಒಳಗೆ. ತಲೆ, ತಲೆ!" ಅಂದರು. ತಲೆ ಆಗಲೇ ಬಡಿದಾಗಿತ್ತು.

ಇದು ನಡೆದದ್ದು ಮಲೇಷ್ಯಾದ ಲಂಕಾವಿಯಲ್ಲಿ, ಅದರ ಮಗ್ಗುಲಿನ ರೆಬಾಕ್ ಎಂಬ ಪುಟ್ಟ ದ್ವೀಪದ ಮಾರೀನಾದಲ್ಲಿ, ಅಂದರೆ ದೋಣಿಗಳ ತಂಗುದಾಣದಲ್ಲಿ. ಲಂಕಾವಿ 1987ರಿಂದ ಸುಂಕಮುಕ್ತ ದ್ವೀಪ. ಪ್ರವಾಸಿಗರು ಚಾಕಲೇಟು, ಬಾಟಲಿಗಳನ್ನು ಚೀಲಗಟ್ಟಲೆ ಹೊತ್ತುಕೊಂಡು ಹೋಗುತ್ತಾರೆ. ಹಾಯಿದೋಣಿಯವರನ್ನು ಅಲ್ಲಿಗೆ ಎಳೆಯುವುದು ಬೇರೆಯೇ ಒಂದು ಅನುಕೂಲ. ಸಮಭಾಜಕ ವೃತ್ತಕ್ಕೆ ಆರು ಡಿಗ್ರಿ ಚಿಲ್ಲರೆ ದೂರದ ಜಾಗ ಅದು. ಭೂಮಿಯ ತಿರುಗಾಟ ಗಾಳಿಗೆ ಸುತ್ತು ಕೊಡುವ ಬಲ ಅಲ್ಲಿ ಕಡಿಮೆ, ಹಾಗಾಗಿ ಚಂಡಮಾರುತ ಅತ್ತ ತಲೆ ಹಾಕುವುದು ಅಪರೂಪ. ಹಿಂದೂ ಮಹಾಸಾಗರದ ದೊಡ್ಡ ಅಲೆಗಳಿಗೂ ಸುಮಾತ್ರಾ ಅಡ್ಡ ಬಿದ್ದುಕೊಂಡಿದೆ. ಹಾಗಂತ ಸಮುದ್ರವೇನೂ ಮುಚ್ಚಳಿಕೆ ಬರೆದುಕೊಟ್ಟಿಲ್ಲ. 2004ರ ಡಿಸೆಂಬರ್ 26ರ ಸುನಾಮಿ ಇದೇ ಮಾರೀನಾಕ್ಕೆ ನುಗ್ಗಿ ಕಟ್ಟೆಗಳನ್ನು ಕಿತ್ತುಹಾಕಿತ್ತು.

ಗೆಳೆಯ ಕುಂದಾಪುರದ ಕಡೆಯವನು. ಬದುಕಿಡೀ ಸರಕು ಹಡಗುಗಳ ಇಂಜಿನ್ ಕೋಣೆಯಲ್ಲಿ ಬೆವರು ಸುರಿಸಿ, ನಿವೃತ್ತನಾದ ಮೇಲೆ ಮನೆ ಕಟ್ಟಿಸುವ ಬದಲು ಸೆಕೆಂಡ್‌ಹ್ಯಾಂಡ್ ಹಾಯಿದೋಣಿ ಕೊಂಡ. ಹನ್ನೆರಡು ಮೀಟರ್ ಉದ್ದ. ಕೇಳುವುದಕ್ಕೆ ಪರವಾಗಿಲ್ಲ ಅನ್ನಿಸುತ್ತದೆ. ಒಳಗೆ ಇಳಿದರೆ ಇಬ್ಬರು ಎದುರುಬದುರಾದಾಗ ಒಬ್ಬರು ಕೂರಲೇಬೇಕು. ಕೂತ ಸೋಫಾದ ಅಡಿಯಲ್ಲಿ ನೀರಿನ ಟ್ಯಾಂಕು, ಮೆಟ್ಟಿಲು ಎತ್ತಿದರೆ ಇಂಜಿನ್, ಮಲಗುವ ಹಾಸಿಗೆಯ ಕೆಳಗೆ ಕುಚ್ಚಲಕ್ಕಿ, ಹುಣಸೆಹಣ್ಣು, ಬಿಡಿ ಪಂಪು. ಏನು ಬೇಕಾದರೂ ಮೂರು ಸಾಮಾನು ತೆಗೆದ ಮೇಲೆಯೇ ಸಿಗುವುದು. ಒಲೆ ತೂಗುಕೊಕ್ಕೆಯ ಮೇಲೆ ಕೂತಿದೆ, ದೋಣಿ ವಾಲಿದರೂ ಸಾರು ವಾಲಬಾರದೆಂದು. ದಡದ ಕರೆಂಟಿನ ತಂತಿ ಎಳೆದುಕೊಂಡಿದ್ದಾರೆ. ಆದರೆ ಎ.ಸಿ. ಮತ್ತು ಮಿಕ್ಸಿ ಎರಡನ್ನೂ ಒಟ್ಟಿಗೆ ಹಾಕಿದರೆ ಫ್ಯೂಸ್ ಹಾರುತ್ತದೆ. ಹಾಗಾಗಿ ನೀರುದೋಸೆಯ ಹಿಟ್ಟು ರುಬ್ಬುವ ಮುಂಚೆ, "ಎ.ಸಿ. ಆರಿಸಿ, ಮಿಕ್ಸಿ ಹಾಕ್ತೇನೆ!" ಎಂಬ ಘೋಷಣೆ ಆಗುತ್ತದೆ. ಎಲ್ಲರೂ ಬೆವರಲು ಸಿದ್ಧರಾಗುತ್ತೇವೆ.

ಕಕ್ಕಸಿನದು ಬೇರೆಯದೇ ಪಾಠ. ಅತಿಥಿಗೆ ಕಾಫಿ ಕೊಡುವ ಮೊದಲೇ ಅದರ ಪಾಠ ಆಗುತ್ತದೆ. ಗೋಡೆಯ ಬದಿಗೆ ಕೈಪಂಪು, ಪಕ್ಕದಲ್ಲೊಂದು ಸಣ್ಣ ಕೀಲು. ಕೀಲನ್ನು ಒಂದು ಕಡೆ ತಿರುಗಿಸಿ ಪಂಪು ಹೊಡೆದರೆ ಸಮುದ್ರದ ನೀರು ಒಳಗೆ, ಇನ್ನೊಂದು ಕಡೆ ತಿರುಗಿಸಿ ಹೊಡೆದರೆ ಎಲ್ಲಾ ಹೊರಗೆ. ತಿಂದು ಅರಗಿದ್ದರ ಹೊರತು ಬೇರೇನೂ ಅದಕ್ಕೆ ಬೀಳಕೂಡದು. "ಕಟ್ಟಿಕೊಂಡರೆ ಬಿಚ್ಚುವವನು ನಾನೇ ಮಾರಾಯ," ಎಂದು ಗೆಳೆಯ ನನ್ನ ಮುಖವನ್ನೇ ನೋಡುತ್ತ ಹೇಳಿದ. ಮಾರೀನಾದೊಳಗೆ ಅದನ್ನು ಬಳಸುವುದು ಸಭ್ಯತೆಯಲ್ಲ, ದಡದ ಶೌಚಾಲಯಕ್ಕೆ ಹೋಗಬೇಕು ಎಂದು ಕೊನೆಯಲ್ಲಿ ಸೇರಿಸಿದ. ಹಾಗಾದರೆ ಇಷ್ಟೆಲ್ಲ ಪಾಠ ಯಾಕೆ ಅಂತ ನಾನು ಕೇಳಲಿಲ್ಲ. ಅಷ್ಟು ಪ್ರೀತಿಯಿಂದ ರಿಪೇರಿ ಮಾಡಿದ್ದನ್ನು ಯಾರಿಗಾದರೂ ತೋರಿಸಬೇಡವೇ?

ರಾತ್ರಿ ಮಲಗಿದರೆ ನಿದ್ದೆ ಬರಲಿಲ್ಲ. ದೋಣಿಯ ಗೋಡೆಯೊಳಗಿಂದ ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ ಸದ್ದು. ತಳದ ಫೈಬರ್ ಬಿರಿಯುತ್ತಿದೆಯೋ ಎಂದು ಎದ್ದು ಕೂತೆ. ಅದು ಸಿಗಡಿಯ ಒಂದು ಜಾತಿಯಂತೆ, ಬೆರಳುದ್ದವೂ ಇರದು. ಒಂದು ಕೊಂಡಿಯನ್ನು ಎಷ್ಟು ಜೋರಾಗಿ ಮುಚ್ಚುತ್ತದೆಂದರೆ ನೀರಿನಲ್ಲಿ ಗುಳ್ಳೆಯೆದ್ದು ಒಡೆಯುತ್ತದೆ. ಕೇಳುವುದು ಆ ಒಡೆತ. ಉಷ್ಣವಲಯದ ಆಳವಿಲ್ಲದ ನೀರಿನಲ್ಲೆಲ್ಲ ಇವುಗಳ ಸಂತೆ. ಎರಡನೇ ಮಹಾಯುದ್ಧದಲ್ಲಿ ಸಬ್‌ಮರೀನುಗಳ ಸದ್ದಿಗೆ ಕಿವಿಗೊಟ್ಟು ಕೂತವರಿಗೆ ಈ ಸಿಗಡಿಗಳು ಕೊಟ್ಟ ಕಾಟ ಅಷ್ಟಿಷ್ಟಲ್ಲ. ವಿಷಯ ತಿಳಿದರೂ ನಿದ್ದೆಯೇನೂ ಬರಲಿಲ್ಲ ಎನ್ನಿ.

ಸಂಜೆ ಕಟ್ಟೆಯ ಮೇಲೆ ನಡೆದರೆ ಇಡೀ ಓಣಿಯ ಪರಿಚಯ ಆಗುತ್ತದೆ. ಹಗ್ಗಕ್ಕೆ ಒಗೆದ ಬಟ್ಟೆ, ಬಕೆಟ್ಟಿನಲ್ಲಿ ತುಳಸಿಯ ಜಾತಿಯ ಗಿಡ, ಇಂಜಿನ್ ಬಿಚ್ಚಿ ಅದರೊಳಗೆ ಅರ್ಧ ದೇಹ ತೂರಿಸಿಕೊಂಡ ಗಂಡಸರು. ಯಾರನ್ನು ಕೇಳಿದರೂ ಇನ್ನೇನು ಹೊರಡುವವರೇ. ಡಿಸೆಂಬರಿನಿಂದ ಮಾರ್ಚಿನವರೆಗೆ ಈಶಾನ್ಯದ ಗಾಳಿ ಬೀಸುತ್ತದೆ. ಶ್ರೀಲಂಕಾ, ಮಾಲ್ಡೀವ್ಸ್ ಕಡೆಗೆ ಸಾಗಬೇಕಾದವರು ಅಷ್ಟರಲ್ಲಿ ಹೊರಡಬೇಕು. ತಪ್ಪಿತೋ, ಇನ್ನೊಂದು ವರ್ಷದ ಬಾಡಿಗೆ. ಸ್ವತಂತ್ರವಾಗಿ ಬದುಕಲು ಸಮುದ್ರಕ್ಕಿಳಿದೆವು ಎಂದು ಇವರೆಲ್ಲ ಹೇಳುತ್ತಾರೆ. ನನಗೆ ಕಂಡಂತೆ ಇವರಷ್ಟು ಕಟ್ಟಾ ಸಂಸಾರಿಗಳು ಬೇರೆ ಇಲ್ಲ. ನಲ್ಲಿ ಸೋರಿದರೆ ನಾವು ಪ್ಲಂಬರಿಗೆ ಫೋನ್ ಮಾಡಿ ಮರೆಯುತ್ತೇವೆ. ಇವರು ಹನಿ ಬಿದ್ದ ಸದ್ದಿಗೆ ನಡುರಾತ್ರಿ ಎದ್ದು, ಅದು ಉಪ್ಪೋ ಸಿಹಿಯೋ ಎಂದು ನೆಕ್ಕಿ ನೋಡುತ್ತಾರೆ. ಸಿಹಿಯಾದರೆ ಟ್ಯಾಂಕು ಸೋರಿದೆ, ಉಪ್ಪಾದರೆ ದೋಣಿಯೇ ಸೋರಿದೆ.

ಜೋಶುವಾ ಸ್ಲೋಕಮ್ ಎಂಬ ಪುಣ್ಯಾತ್ಮ 1895ರಲ್ಲಿ ಹೊರಟು 1898ರ ಹೊತ್ತಿಗೆ ಒಬ್ಬನೇ ಭೂಮಿ ಸುತ್ತಿ ಬಂದ. ಅವನ 'ಸ್ಪ್ರೇ' ದೋಣಿ ನನ್ನ ಗೆಳೆಯನದ್ದಕ್ಕಿಂತ ತುಸು ಚಿಕ್ಕದು. ಇಂಜಿನ್ ಇಲ್ಲ, ಹೊತ್ತು ನೋಡಲು ಮುಖ ಒಡೆದದ್ದೆಂದು ಒಂದು ಡಾಲರಿಗೆ ಸಿಕ್ಕ ತಗಡಿನ ಗಡಿಯಾರ. ನಮ್ಮ ದಿಲೀಪ್ ದೊಂಡೆ ಗೋವಾದಲ್ಲಿ ಕಟ್ಟಿದ 'ಮಾದೇಯಿ'ಯಲ್ಲಿ 2009-10ರಲ್ಲಿ ಮುಂಬಯಿಯಿಂದ ಹೊರಟು ಒಂಟಿಯಾಗಿ ಸುತ್ತಿ ಬಂದರು. ಈ ಹೆಸರುಗಳನ್ನು ನಾನು ಎತ್ತಿದಾಗ ಗೆಳೆಯನಿಗೆ ಸ್ವಲ್ಪ ಕಸಿವಿಸಿಯಾಯಿತು. ಅವನ ಪ್ರಯಾಣ ಆಗ ನಿಂತಿದ್ದದ್ದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ರಬ್ಬರ್ ಚಕ್ರವೊಂದರಿಂದ. ಇಂಜಿನನ್ನು ತಣ್ಣಗಿಡಲು ಸಮುದ್ರದ ನೀರು ಎಳೆಯುವ ಪಂಪಿನೊಳಗಿನ ಇಂಪೆಲರ್ ಅದು. ಅದರ ಒಂದು ರೆಕ್ಕೆ ಮುರಿದು ಎಲ್ಲಿ ಹೋಯಿತೋ ಗೊತ್ತಿಲ್ಲ, ಅದನ್ನು ಹುಡುಕದೆ ಹೊಸದನ್ನು ಹಾಕುವಂತಿಲ್ಲ. ಸ್ಲೋಕಮ್‌ಗೆ ಇಂಜಿನ್ ಇರಲಿಲ್ಲ, ಹಾಗಾಗಿ ಹೊರಟುಬಿಟ್ಟ ಎಂದು ನನ್ನ ವಾದ.

ಗೆಳೆಯನಿಗೆ ಭೂಮಿ ಸುತ್ತುವ ಹುಚ್ಚೇನೂ ಇಲ್ಲ. ಅವನಿಗೆ ಬೇಕಾದದ್ದು ತನ್ನ ಊರ ಕಡೆಯ ಗಂಗೊಳ್ಳಿ ಅಳಿವೆ. ಅಲ್ಲಿ ಹೂಳು ಎಷ್ಟಿದೆ, ಭರತದಲ್ಲಿ ಎಷ್ಟು ಮಾರು ನೀರು ನಿಲ್ಲುತ್ತದೆ ಎಂದು ಊರಿನ ಮೀನುಗಾರರಿಗೆ ಫೋನ್ ಮಾಡಿ ವಿಚಾರಿಸುತ್ತಿರುತ್ತಾನೆ. ಅವನ ದೋಣಿಯ ಅಡಿಗಟ್ಟಿಗೆ ಸುಮಾರು ಎರಡು ಮೀಟರ್ ನೀರು ಬೇಕು. ನಕ್ಷೆ ಹರಡಿ, ಕೊಚ್ಚಿಗೆ ಬಂದು ಕಾಗದಪತ್ರ ಮುಗಿಸಿ, ಅಲ್ಲಿಂದ ಕರಾವಳಿ ಹಿಡಿದು ಮಂಗಳೂರು, ಮಲ್ಪೆ ದಾಟಿ ಮೇಲಕ್ಕೆ ಬರುವ ದಾರಿಯನ್ನು ಬೆರಳಿನಿಂದ ಎಳೆದು ತೋರಿಸಿದ.

"ಜನವರಿಗೆ ಗಾಳಿ ಸರಿಯಾಗ್ತದೆ. ಹೊರಟೇ ಬಿಡುವುದು," ಅಂದ.

"ಯಾವ ವರ್ಷದ ಜನವರಿ ಅಂತ ಸ್ವಲ್ಪ ಕೇಳಿ ನೋಡಿ," ಎಂದು ಒಲೆಯ ಕಡೆಯಿಂದ ದನಿ ಬಂತು. "ಮತ್ತೆ ಆ ಎ.ಸಿ. ಆರಿಸಿ."