ಟಾಟಾ ಇನ್‌ಸ್ಟಿಟ್ಯೂಟಿನ ಅತಿಥಿ

ಜರ್ಮನಿಯ ಗಾಟಿಂಗೆನ್‌ಗೆ ಭೌತಶಾಸ್ತ್ರದ ಎಂ.ಎಸ್ಸಿ. ಓದಲು ಹೋದ ಮೊದಲ ಚಳಿಗಾಲದ ಮಾತು. ಅಲ್ಲಿ ಬೋಧನಾ ಶುಲ್ಕ ಇಲ್ಲ ಅಂತ ಊರಿಗೆಲ್ಲ ಹೇಳಿಕೊಂಡಿದ್ದೆ. ಆದರೆ ವೀಸಾಕ್ಕೆ ಒಂದು ವರ್ಷದ ಖರ್ಚು, ಆಗಿನ ಲೆಕ್ಕದಲ್ಲಿ 11,208 ಯೂರೊ, ಬ್ಲಾಕ್ಡ್ ಅಕೌಂಟಿನಲ್ಲಿ ಮುಂಚೆಯೇ ಇಡಬೇಕು ಅಂದಾಗ ಅಪ್ಪ ಅಡಿಕೆ ತೋಟದ ಮೇಲೆ ಸಾಲ ತೆಗೆದರು. ಅಲ್ಲಿನ ಅಂಕಗಳಲ್ಲಿ 1.0 ಅಂದರೆ ಅತ್ಯುತ್ತಮ, 5.0 ಅಂದರೆ ನಪಾಸು. ನನಗೆ 1.7 ಬಂತು ಅಂದಾಗ ಅಮ್ಮ ಕೇಳಿದ್ದು, “ಎಷ್ಟಕ್ಕೆ?”

ವಾರವಾರದ ಎಕ್ಸರ್‌ಸೈಜ್ ಶೀಟನ್ನು ನಾನೂ ಇರಾನಿನ ಒಬ್ಬ ಹುಡುಗಿಯೂ ಸೇರಿ ಬಿಡಿಸುತ್ತಿದ್ದೆವು. ನವೆಂಬರಿನ ಒಂದು ಭಾನುವಾರ, ಇಬ್ಬರೂ ಲೆಕ್ಕಕ್ಕೆ ತಲೆಕೊಟ್ಟು ಬೇಸತ್ತಿದ್ದಾಗ, ನಮ್ಮ ಟ್ಯೂಟರ್ ಊರಿನ ಸ್ಮಶಾನ ನೋಡೋಣ ಬನ್ನಿ ಎಂದ. ವಿಚಿತ್ರ ಆಹ್ವಾನ. ಹೋದೆವು.

ಮ್ಯಾಕ್ಸ್ ಪ್ಲ್ಯಾಂಕರ ಕಲ್ಲಿನ ಬುಡದಲ್ಲಿ ಅವರ ಸ್ಥಿರಾಂಕ ಎಚ್‌ನ ಬೆಲೆ ಕೆತ್ತಿದೆ. ಒಟ್ಟೋ ಹಾನ್‌ರ ಕಲ್ಲಿನ ಮೇಲೆ ಯುರೇನಿಯಂ ವಿದಳನದ ಸೂತ್ರ. ಇನ್ನೊಂದು ಕಡೆ ಮ್ಯಾಕ್ಸ್ ಬಾರ್ನ್. ಅಲ್ಲಿ ಕೆತ್ತಿದ್ದು ಪಿ-ಕ್ಯೂ ಮೈನಸ್ ಕ್ಯೂ-ಪಿ. ಸಂವೇಗ, ಸ್ಥಾನಗಳನ್ನು ಗುಣಿಸುವ ಕ್ರಮ ಅದಲುಬದಲಾದರೆ ಉತ್ತರವೂ ಬೇರೆಯಾಗುತ್ತದೆ. ಆ ವ್ಯತ್ಯಾಸದಲ್ಲಿ ಪ್ಲ್ಯಾಂಕರ ಅದೇ ಎಚ್ ಕೂತಿರುತ್ತದೆ. ಬೆಳಗಿನಿಂದ ನಮ್ಮನ್ನು ಕಾಡಿದ್ದೂ ಅದೇ.

“ಇವರು ನಿಮ್ಮ ಬೆಂಗಳೂರಿಗೆ ಬಂದಿದ್ದರು, ಗೊತ್ತಾ?” ಎಂದ ಟ್ಯೂಟರ್.

ಗೊತ್ತಿರಲಿಲ್ಲ. ಯಶವಂತಪುರದಿಂದ ಮಲ್ಲೇಶ್ವರಕ್ಕೆ ಬಸ್ಸಿನಲ್ಲಿ ಹೋಗುವಾಗ ಭಾರತೀಯ ವಿಜ್ಞಾನ ಸಂಸ್ಥೆಯನ್ನು, ಅಂದರೆ ಜನರ ಬಾಯಲ್ಲಿನ ಟಾಟಾ ಇನ್‌ಸ್ಟಿಟ್ಯೂಟನ್ನು ಎಷ್ಟು ಸಲ ದಾಟಿದ್ದೆನೋ! ನಮ್ಮ ಬಿ.ಎಸ್ಸಿ. ಪುಸ್ತಕದಲ್ಲಿ ಬಾರ್ನ್ ಇದ್ದರು, ಅವರ ಬೆಂಗಳೂರು ಇರಲಿಲ್ಲ.

1933ರಲ್ಲಿ ನಾಜಿಗಳು ಯಹೂದಿ ಎಂದು ಅವರನ್ನು ಇದೇ ಗಾಟಿಂಗೆನ್‌ನ ಕೆಲಸದಿಂದ ತೆಗೆದರು. ಸಿ.ವಿ. ರಾಮನ್ ಬೆಂಗಳೂರಿನ ಆ ಟಾಟಾ ಇನ್‌ಸ್ಟಿಟ್ಯೂಟಿಗೆ ಕರೆಸಿಕೊಂಡರು. 1935-36ರಲ್ಲಿ ಆರು ತಿಂಗಳಷ್ಟು ಕಾಲ ಅಲ್ಲಿದ್ದರು. ರಾಮನ್‌ರಿಗೆ ಅವರನ್ನು ಅಲ್ಲೇ ಉಳಿಸಿಕೊಳ್ಳುವ ಆಸೆ. ಅದಕ್ಕಾಗಿ ಸಭೆ ಸೇರಿತು. ಬಾರ್ನ್ ಅಲ್ಲೇ ಕೂತಿದ್ದಾಗ ಒಬ್ಬ ಇಂಗ್ಲಿಷ್ ಪ್ರೊಫೆಸರ್ ಎದ್ದು, ಸ್ವಂತ ದೇಶದಿಂದಲೇ ಹೊರಹಾಕಿಸಿಕೊಂಡ ಎರಡನೇ ದರ್ಜೆಯ ಪರದೇಶದವನು ನಮಗೇಕೆ ಎಂಬರ್ಥದ ಮಾತಾಡಿದ. ಬಾರ್ನ್ ಮನೆಗೆ ಹೋಗಿ ಹೆಂಡತಿಯ ಮುಂದೆ ಅತ್ತರಂತೆ. ಹಾಗೆಂದು ಅವರೇ ಬರೆದಿದ್ದಾರೆ. ಅದೇ 1936ರಲ್ಲಿ ಎಡಿನ್‌ಬರೊದಲ್ಲಿ ಕೆಲಸ ಸಿಕ್ಕಿತು. ನೊಬೆಲ್ ಬಂದದ್ದು 1954ರಲ್ಲಿ.

ನನಗೆ ಸಿಟ್ಟು ಬಂತು. ಎಂದೋ ಸತ್ತುಹೋದ ಆ ಪ್ರೊಫೆಸರ್ ಮೇಲೂ ಬರುವಷ್ಟು. ಇರಾನಿನ ಗೆಳತಿ ಮಾತ್ರ ತಣ್ಣಗೆ, “ಎರಡನೇ ದರ್ಜೆ ಅನ್ನೋಕೆ ಅವನ ಸೂತ್ರ ಯಾವುದಂತೆ?” ಎಂದಳು.

ರಾತ್ರಿ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಕ್ವಾಂಟಮ್, ನೊಬೆಲ್ ಯಾವುದೂ ಅವರನ್ನು ತಟ್ಟಲಿಲ್ಲ.

“ಆರು ತಿಂಗಳು ಬೆಂಗಳೂರಲ್ಲಿ ಊಟಕ್ಕೇನು ಮಾಡಿದ್ರಂತೆ ಪಾಪ?”

“ಹೆಂಡತಿನೂ ಜೊತೇಲಿ ಬಂದಿದ್ರು ಅಪ್ಪಾ.”

“ಹಾಗಾದ್ರೆ ಸರಿ,” ಎಂದರು.