ಬಂಗಲೆಯ ಬೇಲಿಯೂ ಪೇಟೆಯ ಹೊಸ್ತಿಲೂ

ಬೆಂಗಳೂರಿನಿಂದ ಚೆನ್ನೈಯ ದಿಕ್ಕಿಗೆ ಹೊರಟ ರೈಲು ಸುಮಾರು 70 ಕಿಲೋಮೀಟರು ಸಾಗಿ ಬಂಗಾರಪೇಟೆಯಲ್ಲಿ ನಿಲ್ಲುತ್ತದೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ಸಾಹೇಬರ ಹೆಸರಿನಲ್ಲಿ ಈ ಊರು ಹಿಂದೆ ಬೌರಿಂಗ್‌ಪೇಟೆ ಎನಿಸಿಕೊಂಡಿತ್ತು. ಇಲ್ಲಿಂದ ಒಂದು ಕವಲುದಾರಿ ದಕ್ಷಿಣಕ್ಕೆ ಹೊರಳುತ್ತದೆ. 1894ರಲ್ಲಿ ತೆರೆದ ಈ ದಾರಿಯ ಉದ್ದ ಸುಮಾರು 16 ಕಿಲೋಮೀಟರು ಮಾತ್ರ. ಆದರೆ ಈ ಅಲ್ಪ ದೂರದಲ್ಲಿ ಪ್ರಯಾಣಿಕನು ಒಂದು ನಾಡನ್ನು ಬಿಟ್ಟು ಇನ್ನೊಂದು ನಾಡನ್ನು ಹೊಕ್ಕಂತೆ ಭ್ರಮಿಸುತ್ತಾನೆ. ಹಲಗೆಗಳ ಮೇಲಿನ ಹೆಸರುಗಳೇ ಅದಕ್ಕೆ ಸಾಕ್ಷಿ: ಕೋರಮಂಡಲ, ಉರಿಗಾಂ, ಚಾಂಪಿಯನ್. ಕೊನೆಗೆ ಮಾರಿಕುಪ್ಪ ಬರುವಾಗ ಮಾತ್ರ ನೆಲದ ಮೂಲ ದೇವತೆ ಮತ್ತೆ ತಲೆಯೆತ್ತಿ ನೋಡಿದಂತಾಗುತ್ತದೆ.

ಇದೇ ಕೋಲಾರದ ಚಿನ್ನದ ಗಣಿಯ ಪ್ರದೇಶ. ಒಂದು ಕಾಲದಲ್ಲಿ ಇದನ್ನು ‘ಪುಟ್ಟ ಇಂಗ್ಲೆಂಡ್’ ಎಂದು ಕರೆಯುತ್ತಿದ್ದರು. ಆ ಹೆಸರು ಏಕೆ ಬಂದಿತೆಂಬುದನ್ನು ಇಂದಿಗೂ ಅಳಿದುಳಿದ ಬಂಗಲೆಗಳು ಹೇಳುತ್ತವೆ. ಇಳಿಜಾರಾದ ಮಾಡು, ಮುಂದೆ ಅಗಲವಾದ ಜಗಲಿ, ಮರದ ಜಾಲರಿ, ಚಳಿ ಕಾಯಿಸಲು ಗೋಡೆಯೊಳಗೆ ಕಟ್ಟಿದ ಬೆಂಕಿಗೂಡು, ಸುತ್ತಲೂ ಕತ್ತರಿಸಿ ಸಮಮಾಡಿದ ಹಸಿರು ಬೇಲಿ. ಬೆಂಕಿಗೂಡಿಗೆ ಕೋಲಾರದ ಹವೆಯಲ್ಲಿ ವರ್ಷಕ್ಕೆ ಎಷ್ಟು ದಿನ ಕೆಲಸವಿದ್ದೀತು? ಆದರೂ ಅದಿಲ್ಲದ ಮನೆಯು ಮನೆಯೆಂದು ಆ ಜನಕ್ಕೆ ತೋರುತ್ತಿರಲಿಲ್ಲ. ಪರದೇಶದಲ್ಲಿ ಮನೆ ಕಟ್ಟುವವನು ಹವೆಯನ್ನು ನೋಡಿ ಕಟ್ಟುವುದು ಕಡಮೆ. ನೆನಪನ್ನು ನೋಡಿ ಕಟ್ಟುವುದೇ ಹೆಚ್ಚು.

ಇಲ್ಲಿಯ ನೆಲದಲ್ಲಿ ಚಿನ್ನವಿದೆಯೆಂಬ ಸಂಗತಿ ಹಳೆಯದು. ಲೆಫ್ಟಿನೆಂಟ್ ಜಾನ್ ವಾರನ್ ಎಂಬ ಅಧಿಕಾರಿಯು 1802ರಲ್ಲಿ ಈ ಕಡೆ ಅಳತೆಗೆಂದು ಬಂದಾಗ, ಹಳ್ಳಿಗರು ಮಣ್ಣನ್ನು ತೊಳೆದು ಚಿನ್ನದ ಕಣಗಳನ್ನು ತೆಗೆಯುವುದನ್ನು ಕಣ್ಣಾರೆ ಕಂಡು ಬರೆದಿಟ್ಟನು. ಆ ಬರಹವನ್ನು ಬಹುಕಾಲದ ಮೇಲೆ ಓದಿದವನು ಮೈಕೇಲ್ ಲವೆಲ್, ಸೈನ್ಯದಿಂದ ನಿವೃತ್ತನಾಗಿ ಬೆಂಗಳೂರಿನಲ್ಲಿ ನೆಲೆಸಿದ್ದವನು. 1873ರಲ್ಲಿ ಅವನು ಗಣಿಗಾರಿಕೆಯ ಹಕ್ಕನ್ನು ಕೋರಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದನು. ಹಣ ಸಾಲದೆ ಆ ಸಾಹಸ ಅವನಿಗೆ ಫಲಿಸಲಿಲ್ಲ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟ ಮೇಲೆ ಗಣಿಯ ಭಾಗ್ಯ ತೆರೆಯಿತು. 1902ರ ಜೂನ್ ತಿಂಗಳಲ್ಲಿ ಶಿವನಸಮುದ್ರದಿಂದ 92 ಮೈಲಿ ದೂರ ತಂತಿಯೆಳೆದು ಗಣಿಗೆ ವಿದ್ಯುತ್ತನ್ನು ತಂದರು. ಬೆಂಗಳೂರು ನಗರಕ್ಕೆ ಆ ಬೆಳಕು ದೊರೆತದ್ದು ಮೂರು ವರ್ಷಗಳ ಅನಂತರ.

ಬೆಳಕು ಬಂದ ನಾಡಿನಲ್ಲಿ ಕ್ಲಬ್ಬು, ಗಾಲ್ಫಿನ ಬಯಲು, ಇಗರ್ಜಿ, ಆಸ್ಪತ್ರೆ, ಶಾಲೆ ಎಲ್ಲವೂ ಬಂದವು. ಮನೆಗಳಲ್ಲಿಯೂ ಮೆಟ್ಟಿಲುಗಳಿದ್ದವು. ಎತ್ತರದ ದಿಣ್ಣೆಯ ಮೇಲೆ ದೊಡ್ಡ ಸಾಹೇಬರ ಬಂಗಲೆ. ಅದರ ಕೆಳಗೆ ಎಂಜಿನಿಯರುಗಳ ಮನೆ. ಬಳಿಕ ಆಂಗ್ಲೋ-ಇಂಡಿಯನ್ ಕುಟುಂಬಗಳ ಕ್ವಾರ್ಟರ್ಸು. ಇವೆಲ್ಲಕ್ಕೂ ದೂರದಲ್ಲಿ, ತಮಿಳು ಮತ್ತು ತೆಲುಗು ಸೀಮೆಗಳಿಂದ ಬಂದು ನೆಲದಾಳಕ್ಕಿಳಿಯುತ್ತಿದ್ದ ಕಾರ್ಮಿಕರ ಸಾಲುಮನೆಗಳು. ಬಿದಿರ ತಟ್ಟಿಯ ಗೋಡೆ, ಒಂದೇ ಕೋಣೆ, ಅದರಲ್ಲಿಯೇ ಒಲೆ, ಅದರಲ್ಲಿಯೇ ತೊಟ್ಟಿಲು. ಚಿನ್ನವನ್ನು ಮೇಲೆತ್ತಿದ ಕೈಗಳು ರಾತ್ರಿ ತಲೆಗಿಂಬಾಗಿ ಮಡಿಸಿಕೊಂಡದ್ದು ಇಂಥ ಸೂರಿನ ಕೆಳಗೆ.

ಆದರೆ ಈ ಎಲ್ಲ ಮನೆಗಳಿಗೂ ಒಂದು ಸಮಾನ ಲಕ್ಷಣವಿತ್ತು. ಹನ್ನೆರಡು ಕೋಣೆಯ ಬಂಗಲೆಯಾಗಲಿ, ತಟ್ಟಿಯ ಗುಡಿಸಲಾಗಲಿ, ಅದರಲ್ಲಿ ಇದ್ದವನಿಗೆ ಅದು ಸೇರಿದ್ದಲ್ಲ! ಮನೆಯು ಕಂಪನಿಯದು, ಕೆಲಸವಿರುವ ತನಕ ವಾಸ. ಮೂವತ್ತು ವರ್ಷ ಗುಲಾಬಿ ಬೆಳೆಸಿದ ದೊರೆಸಾನಿಯೂ, ಪತಿಯು ನಿವೃತ್ತನಾದ ದಿನ ಆ ಗಿಡಗಳನ್ನು ಬೇರೊಬ್ಬಳಿಗೆ ಒಪ್ಪಿಸಿ ಹೊರಡಬೇಕಾಗಿತ್ತು. ಪುಟ್ಟ ಇಂಗ್ಲೆಂಡಿನಲ್ಲಿ ಎಲ್ಲವೂ ದೊರೆಯುತ್ತಿತ್ತು. ಮನೆಯೊಂದನ್ನು ಕೊಳ್ಳುವ ಅವಕಾಶ ಮಾತ್ರ ಇರಲಿಲ್ಲ.

ಇಂಗ್ಲಿಷ್ ರೀತಿಯ ಬದುಕನ್ನು ಬಯಸಿ, ಸ್ವಂತ ನೆಲವನ್ನೂ ಬಯಸಿದವರಿಗೆ ಅದೇ ರೈಲುದಾರಿಯಲ್ಲಿ ಬೇರೊಂದು ಊರು ಹುಟ್ಟಿತ್ತು. 1882ರಲ್ಲಿ ಮಹಾರಾಜ ಚಾಮರಾಜೇಂದ್ರ ಒಡೆಯರವರು ಬೆಂಗಳೂರಿನ ಪೂರ್ವಕ್ಕೆ 3,900 ಎಕರೆ ನೆಲವನ್ನು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ಕೊಟ್ಟರು. ಸಂಘದ ನಾಯಕನಾದ ವೈಟ್ ಎಂಬಾತನ ಹೆಸರಿನಿಂದ ಅದು ವೈಟ್‌ಫೀಲ್ಡ್ ಆಯಿತು. ಅಲ್ಲಿ ವೃತ್ತಾಕಾರದ ಬೀದಿಗಳ ಸುತ್ತ ಹೆಂಚಿನ ಮನೆಯನ್ನೂ ಹಣ್ಣಿನ ತೋಟವನ್ನೂ ಮಾಡಿಕೊಂಡವರು ಸಂಬಳದ ಸೂರನ್ನು ಬಿಟ್ಟು ಸ್ವಂತ ಸೂರನ್ನು ಆರಿಸಿಕೊಂಡವರು. ಇಂದು ಆ ತೋಟಗಳ ಜಾಗದಲ್ಲಿ ಗಾಜಿನ ಸೌಧಗಳು ನಿಂತಿವೆ. ಬೆಂಗಳೂರಿನಲ್ಲಿ ಲವೆಲ್ಲನ ಹೆಸರು ಹೊತ್ತ ರಸ್ತೆಯಲ್ಲಂತೂ ನೆಲದ ಬೆಲೆಯನ್ನು ಕೇಳಿದರೆ ಚಿನ್ನವೇ ಅಗ್ಗವೆನಿಸಬಹುದು.

ಗಣಿಯ ಸೀಮೆಯಲ್ಲಿ ಅಂಥ ಸ್ವಂತ ಹೊಸ್ತಿಲು ಬೇಕೆಂದವನು ಬೇಲಿಯ ಹೊರಗೆ, ಪೇಟೆಗೆ ಬರಬೇಕಾಗಿತ್ತು. ರೆಸಿಡೆಂಟರಾಗಿದ್ದ ಸರ್ ಡೊನಾಲ್ಡ್ ರಾಬರ್ಟ್‌ಸನ್ನರ ಹೆಸರು ಹೊತ್ತ ರಾಬರ್ಟ್‌ಸನ್‌ಪೇಟೆ ಒಂದು. ಚಾಂಪಿಯನ್ ರೀಫಿಗೆ ಸಮೀಪದ ಆಂಡರ್ಸನ್‌ಪೇಟೆ ಮತ್ತೊಂದು. ಹೆಸರೊಂದನ್ನು ಬಿಟ್ಟರೆ ಆಂಡರ್ಸನ್‌ಪೇಟೆಯಲ್ಲಿ ಇಂಗ್ಲಿಷಿನದೆಂಬುದು ಅತ್ಯಲ್ಪ. ಒತ್ತೊತ್ತಾದ ಬೀದಿ, ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ಮನೆ, ಬಾಗಿಲಲ್ಲಿ ರಂಗೋಲಿ, ಒಂದೇ ಅಂಗಡಿಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕರಲ್ಲಿಯೂ ಚೌಕಾಸಿ. ಗುಲಾಬಿಯ ತೋಟಕ್ಕೆ ಇಲ್ಲಿ ಸ್ಥಳವಿಲ್ಲ. ಡಬ್ಬಿಯಲ್ಲಿ ನೆಟ್ಟ ತುಳಸಿಯೇ ತೋಟ. ಆದರೆ ಈ ಇಕ್ಕಟ್ಟಿನ ಮನೆಯ ಯಜಮಾನನ ಪೆಟ್ಟಿಗೆಯಲ್ಲಿ ಒಂದು ಕ್ರಯಪತ್ರವಿರುತ್ತಿತ್ತು. ಬಂಗಲೆಯ ಸಾಹೇಬನ ಬೆಳ್ಳಿಯ ಪೆಟ್ಟಿಗೆಯಲ್ಲಿ ಅದು ಇರಲಿಲ್ಲ.

ಈ ಕಾಗದದ ಬೆಲೆ ತಿಳಿದದ್ದು ಕಾಲ ಹೊರಳಿದಾಗ. 1956ರಲ್ಲಿ ಮೈಸೂರು ಸರ್ಕಾರವು ಗಣಿಗಳನ್ನು ತನ್ನ ವಶಕ್ಕೆ ತೆಗೆದುಕೊಂಡಿತು. 1962ರಲ್ಲಿ ಅವು ಕೇಂದ್ರ ಸರ್ಕಾರದ ಕೈಸೇರಿದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ಹುಟ್ಟಿತು. ಇಂಗ್ಲಿಷರು ಸ್ವದೇಶಕ್ಕೆ ಮರಳಿದರು. ಆಂಗ್ಲೋ-ಇಂಡಿಯನ್ನರಲ್ಲಿ ಅನೇಕರು ಆಸ್ಟ್ರೇಲಿಯಕ್ಕೂ ಇಂಗ್ಲೆಂಡಿಗೂ ಹೊರಟುಹೋದರು. ಗಣಿಯು ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು. ಅದಿರಿನಲ್ಲಿ ಚಿನ್ನದ ಅಂಶ ಕುಗ್ಗಿ, ತೆಗೆಯುವ ವೆಚ್ಚವು ತೆಗೆದ ಚಿನ್ನದ ಬೆಲೆಯನ್ನು ಮೀರಿತು. 120 ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನವನ್ನು ಕೊಟ್ಟ ನೆಲದ ಬಾಯಿಯನ್ನು 2001ರ ಫೆಬ್ರವರಿ 28ರಂದು ಮುಚ್ಚಲಾಯಿತು.

ಅಂದು ಕಾರ್ಮಿಕನ ಮುಂದೆ ಎರಡು ಪ್ರಶ್ನೆಗಳು ನಿಂತವು. ನಾಳೆ ದುಡಿಮೆ ಎಲ್ಲಿ? ನಾಳೆ ಮನೆ ಯಾರದು? ಮೊದಲನೆಯದಕ್ಕೆ ರೈಲು ಉತ್ತರ ಕೊಟ್ಟಿತು. ನಸುಕಿನಲ್ಲಿಯೇ ಮಾರಿಕುಪ್ಪದಿಂದ ಹೊರಡುವ ಗಾಡಿಯಲ್ಲಿ ಬುತ್ತಿ ಹಿಡಿದು ಬೆಂಗಳೂರಿಗೆ ಹೋಗಿ, ರಾತ್ರಿ ಮರಳುವ ಸಾವಿರಾರು ಜನರ ಬದುಕು ಆಗ ಆರಂಭವಾಯಿತು. ಎರಡನೆಯದಕ್ಕೆ ಉತ್ತರವು ಅಷ್ಟು ಸುಲಭವಾಗಲಿಲ್ಲ. ತಲೆಮಾರುಗಳಿಂದ ಕಂಪನಿಯ ಸಾಲುಮನೆಗಳಲ್ಲಿ ಹುಟ್ಟಿ ಬೆಳೆದವರು, ಆ ಮನೆಗಳನ್ನು ತಮ್ಮ ಹೆಸರಿಗೆ ಮಾಡಿಕೊಡಬೇಕೆಂದು ಗಣಿ ಮುಚ್ಚಿದಂದಿನಿಂದಲೂ ಬೇಡುತ್ತ ಬಂದಿದ್ದಾರೆ. ಸುಣ್ಣ ಬಳಿದವರು ಅವರು, ಮಾಡು ಸೋರಿದಾಗ ತಗಡು ಹೊದಿಸಿದವರು ಅವರು. ಆದರೆ ಕಾನೂನಿನ ಕಣ್ಣಿಗೆ ಸುಣ್ಣವು ಸಾಕ್ಷಿಯಾಗದು.

ಬೆಂಗಳೂರಿನ ಬಾಡಿಗೆಗೆ ಬೇಸತ್ತು ಇತ್ತ ಮನೆ ಕೊಳ್ಳಲು ಬರುವವರು ಇಂದು ಉಂಟು. ಅಂಥವರು ಈ ಇತಿಹಾಸವನ್ನು ಮರೆಯುವಂತಿಲ್ಲ. ದಿಣ್ಣೆಯ ಮೇಲಿನ ಬಂಗಲೆಯ ಚೆಲುವಿಗೆ ಮನಸೋಲುವ ಮೊದಲು ಅದು ನಿಂತಿರುವ ನೆಲ ಗಣಿಯದೋ ಖಾಸಗಿಯದೋ ಎಂದು ವಿಚಾರಿಸಬೇಕು. ಕ್ರಯಪತ್ರ, ಋಣಭಾರ ಪತ್ರ, ನಗರಸಭೆಯ ಖಾತೆ ಮೂರನ್ನೂ ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಓದಬೇಕು. ನಲ್ಲಿಯಲ್ಲಿ ನೀರು ವಾರಕ್ಕೆ ಎಷ್ಟು ಬಾರಿ ಬರುತ್ತದೆಂದು ನೆರೆಮನೆಯ ಹೆಂಗಸನ್ನು ಕೇಳಬೇಕು. ಗಾಳಿಯ ಕಾಲದಲ್ಲಿ ಒಮ್ಮೆ ಬಂದು ನೋಡುವುದಂತೂ ಅಗತ್ಯ. ಚಿನ್ನವನ್ನು ಸೋಸಿ ಎಸೆದ ಬೂದುಬಣ್ಣದ ಸಯನೈಡ್ ದಿಬ್ಬಗಳು ಊರಿನ ಸುತ್ತ ಸಣ್ಣ ಬೆಟ್ಟಗಳಂತೆ ಬಿದ್ದಿವೆ. ಗಾಳಿ ಬೀಸಿದಾಗ ಅವುಗಳ ಹುಡಿಯು ಕಿಟಕಿ, ಪಾತ್ರೆ, ಶ್ವಾಸಕೋಶ ಯಾವುದನ್ನೂ ಬಿಡುವುದಿಲ್ಲ.

ಸಂಜೆಯ ಹೊತ್ತಿಗೆ ದಿಬ್ಬಗಳ ಮೇಲೆ ಬಿಸಿಲು ಓರೆಯಾಗಿ ಬಿದ್ದಾಗ ಆ ಹುಡಿಯೂ ಕ್ಷಣಕಾಲ ಚಿನ್ನವಾಗಿ ತೋರುತ್ತದೆ. ಬಂಗಲೆಯ ಜಗಲಿ ಬರಿದಾಗಿರುತ್ತದೆ. ಬೇಲಿ ಅಂಕೆಯಿಲ್ಲದೆ ಬೆಳೆದು ಬಾಗಿಲನ್ನೇ ಮುಚ್ಚಿರುತ್ತದೆ. ಅತ್ತ ಆಂಡರ್ಸನ್‌ಪೇಟೆಯ ಬೀದಿಯಲ್ಲಿ ದೀಪ ಹೊತ್ತುತ್ತವೆ. ರೈಲಿಳಿದು ಬಂದವನು ಕಿರಿದಾದ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಹೊಗುತ್ತಾನೆ. ಆ ಬಾಗಿಲು ಅಜ್ಜ ಇಡಿಸಿದ್ದು. ಮೊಮ್ಮಗನನ್ನು ಅದರಿಂದ ಹೊರಗೆ ಕಳುಹಿಸಬಲ್ಲ ಕಂಪನಿಯು ಯಾವುದೂ ಇಲ್ಲ.