ಕೆಂಪು ಶಾಯಿಯ ಸಾಲು

ಜೂನ್ 10, 2024, ಸೋಮವಾರ

ಸಿದ್ಧಕಟ್ಟೆ ದಾರಿಯ ಬಸ್ಸಿನಲ್ಲಿ ಕಿಟಕಿಯ ಟರ್ಪಾಲು ಹರಿದಿತ್ತು. ಅರ್ಧ ಒದ್ದೆಯಾಗಿಯೇ ಮೂಡುಬಿದಿರೆಯಿಂದ ಬಂಟ್ವಾಳ ಮುಟ್ಟಿದೆ. ಆಸ್ಪತ್ರೆಯ ದಾಖಲೆ ಕೋಣೆಯ ಬೀಗ ತೆಗೆದು ಮೊದಲು ಬಗ್ಗಿ ನೋಡಿದ್ದು ಕೆಳಗಿನ ಸಾಲಿನ ಫೈಲುಗಳನ್ನು. ನೀರು ಒಸರಿಲ್ಲ. 1923ರ ನೆರೆ, 1974ರ ನೆರೆ ಎಂದು ಈ ಊರಿನ ಹಳಬರು ಈಗಲೂ ಮಾತು ತೆಗೆಯುತ್ತಾರೆ. ಮಳೆಗಾಲದಲ್ಲಿ ನಾನು ಕೆಳಗಿನ ರ‍್ಯಾಕಿನಲ್ಲಿ ಏನನ್ನೂ ಇಡುವುದಿಲ್ಲವೆಂದು ಪ್ರತಿ ವರ್ಷ ತೀರ್ಮಾನಿಸುತ್ತೇನೆ, ಜಾಗ ಸಾಲದೆ ಮತ್ತೆ ಇಡುತ್ತೇನೆ.

ಹನ್ನೊಂದು ಗಂಟೆಗೆ ಓಪಿಯಿಂದ ಡಾಕ್ಟರ್ ಫೋನ್ ಮಾಡಿದರು. ಮೂತ್ರದ ಸೋಂಕು, ಜ್ವರ ಎಂದು ಬಂದ ಒಬ್ಬರು ಹೆಂಗಸು. "ಇವರಿಗೆ ಆರು ವರ್ಷದಿಂದ ಶುಗರ್ ಮಾತ್ರೆ ನಡೆಯುತ್ತಿದೆ ಅಂತ ಕಂಪ್ಯೂಟರಿನಲ್ಲಿದೆ. ಇವರು ಇಲ್ಲವೇ ಇಲ್ಲ ಅನ್ನುತ್ತಾರೆ. ಸ್ವಲ್ಪ ಹಳೆ ಫೈಲ್ ನೋಡಿ."

ಕೆಳಗೆ ಹೋದೆ. ಅವರು ಬೆಂಚಿನ ತುದಿಯಲ್ಲಿ ಕೂತಿದ್ದರು. "ಸಕ್ಕರೆ ಕಾಯಿಲೆ ನನಗಿಲ್ಲ ಮಗಾ. ಯಾವುದೋ ಒಂದು ಮಾತ್ರೆ ನನಗೆ ಆಗುವುದಿಲ್ಲ ಅಂತ ಹಿಂದೆ ಚೀಟಿ ಬರೆದುಕೊಟ್ಟಿದ್ದರು. ಆ ಚೀಟಿ ಒಂದು ಮಳೆಗಾಲದಲ್ಲಿ ಹೋಯಿತು."

ಯಾವ ಮಾತ್ರೆ? ಗೊತ್ತಿಲ್ಲ. ಕಂಪ್ಯೂಟರಿನಲ್ಲಿ ಅಲರ್ಜಿ ಎಂಬಲ್ಲಿ 'ಇಲ್ಲ' ಎಂದಿದೆ.

ಹಳೆಯ ಓಪಿ ರಿಜಿಸ್ಟರಿನಲ್ಲಿ ಅವರ ಐಪಿ, ಎಂದರೆ ಒಳರೋಗಿಯ ನಂಬ್ರ ಸಿಕ್ಕಿತು. ನಮ್ಮಲ್ಲಿ ಫೈಲು ಜೋಡಿಸುವುದು ನಂಬ್ರದ ಕೊನೆಯ ಎರಡು ಅಂಕೆ ಹಿಡಿದು. ಅವರದು 36. ಏಣಿ ಹತ್ತಿ 36ರ ಸಾಲಿನಿಂದ ಎಳೆದರೆ 2016ರ ಕೇಸ್‌ಶೀಟ್. ಗುಂಡುಸೂಜಿ ತುಕ್ಕು ಹಿಡಿದು ಮೂರು ಹಾಳೆಗೂ ಕಂದು ಕಲೆ ಇಳಿದಿತ್ತು, ಅಂಚನ್ನು ಹುಳ ತಿಂದಿತ್ತು. ಮೊದಲ ಪುಟದ ಬಲ ಮೂಲೆಯಲ್ಲಿ, ಕೆಂಪು ಶಾಯಿಯಲ್ಲಿ, ಅಡಿಗೆ ಎರಡು ಗೆರೆ ಎಳೆದು ಬರೆದಿತ್ತು: ಸಲ್ಫಾ ಅಲರ್ಜಿ. ಕೆಳಗೆ ಸಣ್ಣ ಅಕ್ಷರದಲ್ಲಿ, ಮೈಯೆಲ್ಲ ಬೊಕ್ಕೆ, ಬಾಯಿ ಹುಣ್ಣು.

ಡಾಕ್ಟರ್ ಬರೆಯಬೇಕೆಂದಿದ್ದದ್ದು ಸಲ್ಫಾ ಸೇರಿದ ಮಾತ್ರೆಯನ್ನೇ. ಅವರು ಫೈಲು ನೋಡಿ ಏನೂ ಮಾತಾಡಲಿಲ್ಲ. ಬೇರೆ ಮದ್ದು ಬರೆದರು.

ಜೂನ್ 11, ಮಂಗಳವಾರ

ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಇವತ್ತು ಕೂತು ಬುಡ ಹುಡುಕಿದೆ. ಒಂದೇ ಹೆಸರು, ಒಂದೇ ವಯಸ್ಸು, ಅಕ್ಕಪಕ್ಕದ ಗ್ರಾಮ. ಇಬ್ಬರು ಹೆಂಗಸರು. ಎರಡು ಸಲ ರಿಜಿಸ್ಟರ್ ಆಗಿದೆಯೆಂದು ಭಾವಿಸಿ ಯಾರೋ ಎರಡೂ ನಂಬ್ರವನ್ನು ಒಂದು ಮಾಡಿದ್ದಾರೆ. ಹೀಗೆ ಒಬ್ಬರ ಶುಗರ್ ಇನ್ನೊಬ್ಬರ ಮೈಗೆ ಬಂತು.

ಅಲರ್ಜಿ ಮಾಯವಾದದ್ದು ಬೇರೆ ಕಥೆ. 2019ರಲ್ಲಿ ಸಾಫ್ಟ್‌ವೇರ್ ಬಂದಾಗ ಹಳೆಯ ರೋಗಿಗಳ ಹೆಸರು, ವಯಸ್ಸು, ವಿಳಾಸ ಇಷ್ಟನ್ನು ಬೇಗ ಬೇಗ ಹಾಕಿ ಮುಗಿಸಬೇಕೆಂದು ಹೇಳಿದ್ದರು. ಉಳಿದ ಕಾಲಂ ಖಾಲಿ ಬಿಟ್ಟರೆ ಮುಂದೆ ಹೋಗುತ್ತಿರಲಿಲ್ಲ, ಅದಕ್ಕೆ 'ಇಲ್ಲ' ಎಂದು ಒತ್ತುತ್ತಿದ್ದೆವು. ಹಾಗೆ ಒತ್ತಿದವರಲ್ಲಿ ನಾನೂ ಒಬ್ಬಳು. 'ಇಲ್ಲ' ಎನ್ನುವುದಕ್ಕೂ 'ಕೇಳಿಲ್ಲ' ಎನ್ನುವುದಕ್ಕೂ ಇರುವ ವ್ಯತ್ಯಾಸ ಅವತ್ತು ನನ್ನ ತಲೆಗೆ ಹೋಗಲಿಲ್ಲ. ಕಾಗದದಲ್ಲಿ ಖಾಲಿ ಜಾಗ ಖಾಲಿಯಾಗಿಯೇ ಕಾಣುತ್ತದೆ, ನೋಡಿದ ಡಾಕ್ಟರ್ ಮತ್ತೆ ಕೇಳುತ್ತಾರೆ. ಪರದೆಯ ಮೇಲೆ ಅಚ್ಚುಕಟ್ಟಾಗಿ 'ಇಲ್ಲ' ಎಂದಿದ್ದರೆ ಯಾರು ಕೇಳುತ್ತಾರೆ?

ಇಬ್ಬರನ್ನೂ ಬೇರೆ ಮಾಡುವುದಕ್ಕೆ ಸಂಜೆಯಾಯಿತು. ಪ್ರತಿಯೊಂದು ಲ್ಯಾಬ್ ರಿಪೋರ್ಟು, ಪ್ರತಿಯೊಂದು ಬಿಲ್ಲು ಯಾರದೆಂದು ನೋಡಬೇಕಿತ್ತು. ಎರಡು ರಿಪೋರ್ಟು ಯಾರದೆಂದು ಕೊನೆಗೂ ತಿಳಿಯಲಿಲ್ಲ. ಅವನ್ನು ಇಬ್ಬರಿಗೂ ಸೇರಿಸದೆ ಬೇರೆ ಇಟ್ಟೆ.

ಅವರ ಹೆಸರನ್ನು ಇಲ್ಲಿಯೂ ಬರೆಯುವುದಿಲ್ಲ. ಈ ಪುಸ್ತಕ ನನ್ನದಾದರೂ ಆ ಕಾಯಿಲೆ ಅವರದು.

ಜೂನ್ 13, ಗುರುವಾರ

ಹೆಸರಿನ ವಿಚಾರ ಸುಪರಿಂಟೆಂಡೆಂಟರಿಗೆ ಬರೆದುಕೊಟ್ಟೆ. ನಮ್ಮ ಕಡೆ ಲೀಲಾವತಿ ಎಂದರೆ ಎಷ್ಟು ಜನ! ಬೀಪಾತುಮ್ಮ ಎಂಬ ಒಂದು ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕೈದು ಬಗೆಯಲ್ಲಿ ಹೊಡೆದದ್ದು ನಮ್ಮ ಪಟ್ಟಿಯಲ್ಲೇ ಇದೆ. ಪೂಜಾರಿ ಎಂಬುದಕ್ಕೆ ಮೂರು ಬಗೆ. ಕನ್ನಡದಲ್ಲಿ ಬರೆದಿದ್ದರೆ ಒಂದೇ ಆಗುತ್ತಿತ್ತು.

ಹಿಂದೆ ನನಗೆ ಕೆಲಸ ಕಲಿಸಿದ ಹಿರಿಯರು ಕೌಂಟರಿನಲ್ಲಿ ತುಳುವಿನಲ್ಲೇ ಮಾತಾಡಿಸುತ್ತಿದ್ದರು. "ಇರೆನ ಪುದರ್ ದಾದ?" ಎಂದು ಹೆಸರು ಕೇಳಿ, ಅಲ್ಲಿಗೇ ಬಿಡದೆ "ಇಲ್ಲ್‌ದ ಪುದರ್?" ಎಂದು ಮನೆಯ ಹೆಸರನ್ನೂ ಕೇಳಿ ಬರೆಯುತ್ತಿದ್ದರು. ತುಳುನಾಡಿನಲ್ಲಿ ಮನೆಯ ಹೆಸರಿಗಿಂತ ಗಟ್ಟಿಯಾದ ಗುರುತು ಇಲ್ಲ. ಸಾಫ್ಟ್‌ವೇರಿನಲ್ಲಿ ಪಿನ್ ಕೋಡಿಗೆ ಜಾಗವಿದೆ, ಮನೆಯ ಹೆಸರಿಗೆ ಬೇರೆ ಕಾಲಂ ಇಲ್ಲ. ಅದೊಂದು ಬೇಕು, ಕನ್ನಡದಲ್ಲಿ ಬೇಕು ಎಂದು ಕೇಳಿದ್ದೇನೆ.

ಜೂನ್ 16, ಭಾನುವಾರ, ಕೊಕ್ಕಡ

ನಾಳೆ ಬಕ್ರೀದ್ ರಜೆ. ತವರಿಗೆ ಬಂದಿದ್ದೇನೆ. ಅಮ್ಮ ಪತ್ರೊಡೆ ಮಾಡಿದ್ದರು.

ಮಧ್ಯಾಹ್ನ ಆಚೆ ಮನೆಯ ಅಕ್ಕ ಮಗನ ಕಾಗದಗಳ ತೊಟ್ಟೆ ಹಿಡಿದುಕೊಂಡು ಬಂದರು. ಮಗನಿಗೆ ಈಗ ಮೂವತ್ತರ ಮೇಲೆ. ನಡೆಯುವುದಿಲ್ಲ, ಮಾತಿಲ್ಲ. ಈ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆಯ ಕಡೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಚೆಲ್ಲುತ್ತಿದ್ದದ್ದು ನನಗೂ ನೆನಪಿದೆ. ಬಾವಿಗೆ ತೆಂಗಿನ ಹೆಡಲು ಮುಚ್ಚಿ ನಾವು ಒಳಗೆ ಕೂರುತ್ತಿದ್ದೆವು. ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಎಂಡೋಸಲ್ಫಾನನ್ನೇ ನಿಷೇಧಿಸಿದ್ದು 2011ರ ಮೇ 13ಕ್ಕೆ. ಅದಕ್ಕಿಂತ ಮುಂಚೆ, 1982ರ ಕೊನೆಗೆ, ಗೇರು ನೆಡಲೆಂದು ಇದೇ ಭಾಗದ ಕಾಡು ಕಡಿದಾಗ ಮಂಗನ ಕಾಯಿಲೆ ಹಬ್ಬಿ ಜನ ಸತ್ತಿದ್ದರಂತೆ. ಅಮ್ಮ ಅದನ್ನು ಹೇಳುವಾಗ ಈಗಲೂ ದನಿ ತಗ್ಗಿಸುತ್ತಾರೆ.

ತೊಟ್ಟೆಯೊಳಗೆ ಅಂಗವೈಕಲ್ಯದ ಸರ್ಟಿಫಿಕೇಟು, ಕಾರ್ಡು, ಮಂಗಳೂರಿಗೆ ಕೊಟ್ಟ ರೆಫರಲ್ ಚೀಟಿಗಳು, ಉರುಟಾಗಿ ಸುರುಳಿ ಸುತ್ತಿದ ಎಕ್ಸ್‌ರೇಗಳು. ಅಕ್ಕನಿಗೆ ಓದಲು ಬರುವುದು ಅಷ್ಟಕ್ಕಷ್ಟೆ, ಆದರೂ ಯಾವ ಕಾಗದ ಯಾವ ವರ್ಷದ್ದೆಂದು ಬಣ್ಣ, ಮಡಿಕೆ ನೋಡಿ ಹೇಳುತ್ತಾರೆ. ಹುಟ್ಟಿದಾಗಿನ ಕಾಗದ ಮಾತ್ರ ಇಲ್ಲ. ಕೇಳಿದಲ್ಲೆಲ್ಲ, ಹಳೆಯದನ್ನು ತೆಗೆದಾಗಿದೆ ಎಂದರಂತೆ. "ಇವನು ಹುಟ್ಟುವಾಗಲೇ ಹೀಗಿದ್ದ ಅಂತ ನಾನು ಹೇಳಿದರೆ ಆಗುವುದಿಲ್ಲ ಮಾರಾಯ್ತಿ, ಕಾಗದ ಹೇಳಬೇಕಂತೆ."

ಎಲ್ಲವನ್ನೂ ಜಗಲಿಯಲ್ಲಿ ಹರಡಿ ಒಂದೊಂದಾಗಿ ಮೊಬೈಲಿನಲ್ಲಿ ಫೋಟೋ ತೆಗೆದು, ವರ್ಷದ ಪ್ರಕಾರ ಜೋಡಿಸಿ, ಅವರ ಮಗಳ ಫೋನಿಗೆ ಕಳಿಸಿದೆ. ಆಮೇಲೆ ನನ್ನ ಫೋನಿನಿಂದ ಅಳಿಸಿದೆ. ಅವರ ಎದುರೇ ಅಳಿಸಿದೆ.

ಜೂನ್ 27, ಗುರುವಾರ

ಆಭಾ ನಂಬ್ರದ ಕೌಂಟರಿನಲ್ಲಿ ಇವತ್ತು ನನಗೆ ಡ್ಯೂಟಿ. 2021ರ ಸೆಪ್ಟೆಂಬರಿನಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶಕ್ಕೆಲ್ಲ ಬಂದಾಗಿನಿಂದ ಈ ನಂಬ್ರ. ಹದಿನಾಲ್ಕು ಅಂಕೆ. ಇದನ್ನು ಹಿಡಿದುಕೊಂಡು ಒಂದು ಆಸ್ಪತ್ರೆಯ ದಾಖಲೆಯನ್ನು ಇನ್ನೊಂದು ಆಸ್ಪತ್ರೆಯಲ್ಲಿ ರೋಗಿಯ ಒಪ್ಪಿಗೆ ಇದ್ದರೆ ನೋಡಬಹುದು. ದಾಖಲೆಗಳೆಲ್ಲ ಒಂದೇ ಕಡೆ ಗುಡ್ಡೆ ಬೀಳುವುದಿಲ್ಲ, ಆಯಾ ಆಸ್ಪತ್ರೆಯಲ್ಲೇ ಇರುತ್ತವೆ. ಈ ಏರ್ಪಾಡು ನನಗೆ ಮೆಚ್ಚುಗೆ. ಕೊಕ್ಕಡದ ಅಕ್ಕ ತೊಟ್ಟೆ ಹೊತ್ತು ಬಸ್ಸು ಬದಲಿಸುವುದು ಇದರಿಂದ ತಪ್ಪಬಹುದು.

ಆದರೆ ದಿಡುಪೆ ಕಡೆಯ ಅಜ್ಜಿಯೊಬ್ಬರು ಬಂದಿದ್ದರು. ಆಧಾರಿಗೆ ಜೋಡಿಸಿದ ಫೋನು ದಮ್ಮಾಮಿನಲ್ಲಿರುವ ಮಗನದು. ಓಟಿಪಿ ಅಲ್ಲಿಗೆ ಹೋಯಿತು, ಮಗ ಕೆಲಸದಲ್ಲಿದ್ದ. ಮೂರು ಸಲ ಕಳಿಸಿದೆವು, ಮೂರೂ ಸಲ ಅವಧಿ ಮುಗಿಯಿತು. ನಾಲ್ಕನೆಯ ಸಲ ವಾಟ್ಸಾಪಿನಲ್ಲಿ ಆರು ಅಂಕೆ ಬಂತು. ಅಜ್ಜಿ ಅಷ್ಟು ಹೊತ್ತೂ ನಿಂತೇ ಇದ್ದರು, ಕುರ್ಚಿ ಕೊಟ್ಟರೂ ಕೂರಲಿಲ್ಲ. ಒಪ್ಪಿಗೆಯ ಸಾಲು ಓದಿ ಹೇಳಿದೆ: ನೀವು ಹೂಂ ಅಂದರೆ ಮಾತ್ರ ಬೇರೆಯವರು ನೋಡುವುದು, ಬೇಡ ಅಂದರೂ ಇಲ್ಲಿ ಮದ್ದು ನಿಲ್ಲುವುದಿಲ್ಲ. "ಹಾಗಾದರೆ ಹೂಂ" ಎಂದರು. ಇಷ್ಟು ಹೇಳುವುದಕ್ಕೆ ಎರಡು ನಿಮಿಷ ಬೇಕು. ಸಾಲಿನಲ್ಲಿ ಐವತ್ತು ಜನ ಇದ್ದಾಗ ಆ ಎರಡು ನಿಮಿಷ ಎಲ್ಲಿಂದ ತರಲಿ? ಇವತ್ತು ಎಲ್ಲರಿಗೂ ಹೇಳಲು ಆಗಲಿಲ್ಲ. ಹೇಳಬೇಕಿತ್ತು.

ಜುಲೈ 8, ಸೋಮವಾರ

ಡೆಂಗಿ. ಲ್ಯಾಬಿನಿಂದ ಪಾಸಿಟಿವ್ ಪಟ್ಟಿ ಬಂದ ಕೂಡಲೇ ಐ.ಎಚ್.ಐ.ಪಿ. ಎಂಬ ಸರಕಾರದ ರೋಗ ನಿಗಾ ಪೋರ್ಟಲಿಗೆ ಹಾಕಬೇಕು. ಅಲ್ಲಿಂದ ಆರೋಗ್ಯ ಸಿಬ್ಬಂದಿ ಮನೆ ಹುಡುಕಿ ಲಾರ್ವಾ ನೋಡಲು ಹೋಗುತ್ತಾರೆ. ಮಂಗಳೂರು ನಗರದಲ್ಲಿ ಮಲೇರಿಯಾಕ್ಕೆ ಹೀಗೆಯೇ ಟ್ಯಾಬ್ ಹಿಡಿದು ಮನೆ ಮನೆಯ ಜಾಗ ಗುರುತಿಸಿ ಕೆಲಸ ಮಾಡಿದ್ದರು, ಕಾಯಿಲೆ ಇಳಿಯಿತು. ಇಂದಿನ ಪಟ್ಟಿಯಲ್ಲಿ ಒಬ್ಬರ ವಿಳಾಸ ಬರೇ 'ಬಂಟ್ವಾಳ' ಎಂದಿತ್ತು. ತಾಲೂಕಿಡೀ ಹುಡುಕುವುದೇ? ಫೋನ್ ಮಾಡಿ ಮನೆಯ ಹೆಸರು, ಹತ್ತಿರದ ದೈವಸ್ಥಾನ ಕೇಳಿ ಬರೆದೆ. ಸಂಜೆ ಆಶಾ ಕಾರ್ಯಕರ್ತೆ ಫೋನ್ ಮಾಡಿದರು: ರಬ್ಬರ್ ತೋಟದ ಚಿಪ್ಪುಗಳಲ್ಲಿ ಹುಳ ತುಂಬಿತ್ತಂತೆ, ಎಲ್ಲ ಮಗುಚಿ ಹಾಕಿದರಂತೆ.

ಜುಲೈ 20, ಶನಿವಾರ, ಮೂಡುಬಿದಿರೆ

ನಿನ್ನೆ ಪ್ರಪಂಚದಲ್ಲೆಲ್ಲ ಕಂಪ್ಯೂಟರುಗಳು ನೀಲಿಯಾಗಿ ನಿಂತವೆಂದು ಟಿವಿಯಲ್ಲಿ ತೋರಿಸುತ್ತಿದ್ದಾರೆ. ಒಂದು ಭದ್ರತಾ ಸಾಫ್ಟ್‌ವೇರಿನ ತಪ್ಪು ಅಪ್‌ಡೇಟ್. ನಮ್ಮಲ್ಲಿ ಏನೂ ಆಗಲಿಲ್ಲ. 2022ರ ನವೆಂಬರಿನಲ್ಲಿ ದಿಲ್ಲಿಯ ಏಮ್ಸ್‌ನ ಸರ್ವರಿಗೆ ಕಳ್ಳರು ನುಗ್ಗಿ, ಅಷ್ಟು ದೊಡ್ಡ ಆಸ್ಪತ್ರೆ ಎಷ್ಟೋ ದಿನ ಕೈಬರಹದಲ್ಲಿ ನಡೆದದ್ದು ನೆನಪಾಯಿತು.

ಸಂಜೆ ಮಳೆ ಬಿಟ್ಟಾಗ ಬಸದಿಯ ಬೀದಿಯಲ್ಲಿ ನಡೆದು ಬಂದೆ. ಜೈನರ ಧವಲಾ ಗ್ರಂಥದ ತಾಳೆಗರಿ ಉಳಿದದ್ದು ನಮ್ಮ ಮೂಡುಬಿದಿರೆಯಲ್ಲಿ. ಹಳಗನ್ನಡ ಲಿಪಿಯ ಆ ಗರಿಗಳು ಶತಮಾನಗಳ ಕಾಲ ಇಲ್ಲಿದ್ದವು. ಪ್ರತಿ ಮಾಡಿಸಿ, ಕೊನೆಗೆ 1939ರಲ್ಲಿ ಮೊದಲ ಸಂಪುಟ ಅಚ್ಚಾಯಿತು. ಈ ಮಳೆ, ಈ ಗೆದ್ದಲಿನ ಊರಿನಲ್ಲಿ ಅದನ್ನು ಕಾದವರನ್ನು ನೆನೆದರೆ ನನಗೆ ಕೈ ಮುಗಿಯಬೇಕೆನಿಸುತ್ತದೆ.

ಜುಲೈ 23, ಮಂಗಳವಾರ

ಮೀಟಿಂಗಿನಲ್ಲಿ ಹಳೆ ಫೈಲುಗಳನ್ನು ಗುಜರಿಗೆ ಹಾಕುವ ಮಾತು ಬಂತು. ಆ ಕೋಣೆ ಡಯಾಲಿಸಿಸಿಗೆ ಬೇಕು. ಅದೂ ಸುಳ್ಳಲ್ಲ, ಎಷ್ಟೋ ಜನ ವಾರಕ್ಕೆ ಎರಡು ಮೂರು ಸಲ ಮಂಗಳೂರಿಗೆ ಓಡುತ್ತಾರೆ. ವೈದ್ಯಕೀಯ ಪರಿಷತ್ತಿನ 2002ರ ನಿಯಮದ ಪ್ರಕಾರ ಒಳರೋಗಿಯ ದಾಖಲೆ ಮೂರು ವರ್ಷ ಇಟ್ಟರೆ ಸಾಕು ಎಂದರು. ಹೌದು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದೂ ಅದರಲ್ಲೇ ಇದೆ. ನಾನು 36ರ ಸಾಲಿನ ಆ ಫೈಲನ್ನು ಮೇಜಿನ ಮೇಲಿಟ್ಟು, ಹೆಸರಿನ ಮೇಲೆ ಕೈ ಮುಚ್ಚಿ, ಕೆಂಪು ಶಾಯಿ ತೋರಿಸಿದೆ. ಮೂರು ವರ್ಷಕ್ಕೆ ಇದನ್ನು ತೆಗೆದಿದ್ದರೆ ಜೂನ್ ಹತ್ತಕ್ಕೆ ನಾವು ಏನು ನೋಡುತ್ತಿದ್ದೆವು ಎಂದು ಕೇಳಿದೆ. ದನಿ ನಡುಗುತ್ತಿತ್ತು.

ದೀಪಾವಳಿಯವರೆಗೆ ಸಮಯ ಕೊಟ್ಟಿದ್ದಾರೆ. ಅಷ್ಟರೊಳಗೆ ಪ್ರತಿ ಫೈಲಿನ ಮೊದಲ ಪುಟ, ಡಿಸ್ಚಾರ್ಜ್ ಸಮರಿ, ಆಪರೇಶನ್ ಆದವರದ್ದಾದರೆ ಆ ಹಾಳೆ, ಇಷ್ಟನ್ನು ಸ್ಕ್ಯಾನ್ ಮಾಡಬೇಕು. ಹೆರಿಗೆಯ ಫೈಲುಗಳನ್ನು ಪೂರ್ತಿ ಇಡಬೇಕೆಂದು ಹಠ ಹಿಡಿದೆ, ಒಪ್ಪಿದರು. ಸಹಾಯಕ್ಕೆ ಒಬ್ಬ ಹುಡುಗಿ. ಮನೆಯ ಹೆಸರಿನ ಕಾಲಂ ಇನ್ನೂ ಬಂದಿಲ್ಲ. ವಿಳಾಸದ ಮೊದಲ ಸಾಲಿನಲ್ಲಿ ಹಾಕಿ ಎಂದಿದ್ದಾರೆ, ಹಾಗೆಯೇ ಹಾಕುತ್ತಿದ್ದೇವೆ.

ಆಗಸ್ಟ್ 5, ಸೋಮವಾರ

ಆ ಹೆಂಗಸು ಮೊಮ್ಮಗಳ ಜೊತೆ ಬಂದಿದ್ದರು. ಜ್ವರ ಅಂದೇ ಬಿಟ್ಟಿತ್ತಂತೆ, ಇವತ್ತು ಬಂದದ್ದು ಮೊಣಕಾಲು ನೋವಿಗೆ. ಅವರಿಗಾಗಿ ಒಂದು ಕಾಗದ ಮಾಡಿಟ್ಟಿದ್ದೆ. ಮೇಲೆ ಹೆಸರು, ಮನೆಯ ಹೆಸರು, ನಂಬ್ರ. ಕೆಳಗೆ ದೊಡ್ಡ ಕನ್ನಡ ಅಕ್ಷರದಲ್ಲಿ 'ಸಲ್ಫಾ ಸೇರಿದ ಮದ್ದು ಕೊಡಬಾರದು', ಅದರಡಿಗೆ ಅದನ್ನೇ ಇಂಗ್ಲಿಷಿನಲ್ಲಿ, ಡಾಕ್ಟರ ಸಹಿ. ಲ್ಯಾಮಿನೇಟ್ ಮಾಡಿಸಿದ್ದೆ, ಈ ಸಲ ಮಳೆಗೆ ಹೋಗಬಾರದು.

ಮೊಮ್ಮಗಳು ಗಟ್ಟಿಯಾಗಿ ಓದಿದಳು. "ಏನಂತೆ ಆ ಮಾತ್ರೆ?" ಎಂದು ಅವರು ಕೇಳಿದರು. ಹೇಳಿದೆ. "ಸಲ್ಪ" ಎಂದರು. ಇನ್ನೊಮ್ಮೆ ಹೇಳಿದೆ. ಮೂರನೆಯ ಸಲಕ್ಕೆ ಸರಿಯಾಗಿ "ಸಲ್ಫಾ" ಎಂದು, ನನ್ನ ಮುಖ ನೋಡಿ, ಮತ್ತೊಮ್ಮೆ ತಮ್ಮಷ್ಟಕ್ಕೇ ಹೇಳಿಕೊಂಡರು. ಕಾಗದವನ್ನು ಸೆರಗಿನಿಂದ ಒರೆಸಿ ತೊಟ್ಟೆಗೆ ಹಾಕಿದರು.

36ರ ಸಾಲು ಇವತ್ತಿಗೆ ಮುಗಿಯಿತು. ಇನ್ನೂ ಏಳು ಫೈಲುಗಳ ಮೊದಲ ಪುಟದಲ್ಲಿ ಕೆಂಪು ಶಾಯಿ ಸಿಕ್ಕಿತು, ಏಳಕ್ಕೂ ಕಂಪ್ಯೂಟರಿನಲ್ಲಿ 'ಇಲ್ಲ' ಎಂದೇ ಇತ್ತು. ಡಾಕ್ಟರಿಗೆ ತೋರಿಸಿ ತಿದ್ದಿದೆ. ನಾಳೆ 37.